ರೋಬೊಟಿಕ್ಸ್ ತಂಡದ ವೆಬ್‌ಸೈಟ್ ತೋರಿಸಿ ‘ಹೇಗಿದೆ?’ ಅಂತ ಕೇಳಬೇಡಿ

ನೀವು ಕೇಳಿರುವುದು ಇಷ್ಟು: ಹುಬ್ಬಳ್ಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ರೋಬೊಟಿಕ್ಸ್ ತಂಡ ನಿಮ್ಮದು. ಎಚ್‌ಟಿಎಂಎಲ್, ಸಿಎಸ್‌ಎಸ್, ಸ್ವಲ್ಪ ಜಾವಾಸ್ಕ್ರಿಪ್ಟ್ ಸೇರಿಸಿ ವೆಬ್‌ಸೈಟ್ ನೀವೇ ಬರೆದಿದ್ದೀರಿ, ಕೋಡ್ ಇಡುವ ತಾಣ ಗಿಟ್‌ಹಬ್‌ನ ಪುಕ್ಕಟೆ ಸೈಟ್ ಸೇವೆ ಗಿಟ್‌ಹಬ್ ಪೇಜಸ್‌ನಲ್ಲಿ ಹಾಕಿದ್ದೀರಿ. ವಾಟ್ಸಾಪ್ ಗ್ರೂಪುಗಳಿಗೆಲ್ಲ ಲಿಂಕ್ ಕಳಿಸಿದರೆ ‘ಮಸ್ತ್ ಐತಿ’ ಮತ್ತು ಬೆಂಕಿ ಇಮೋಜಿ ಬಿಟ್ಟು ಬೇರೇನೂ ಬರಲಿಲ್ಲ. ಡಿಸೈನ್ ಮತ್ತು ಕೋಡ್ ಎರಡರ ಬಗ್ಗೆಯೂ ಉಪಯೋಗಕ್ಕೆ ಬರುವ ಮಾತು ಯಾರಿಂದ, ಹೇಗೆ ಪಡೆಯುವುದು?

ನಾನು ಇಲ್ಲೇ ವಿದ್ಯಾನಗರದವನು. ವೆಬ್‌ಸೈಟ್ ಮಾಡುವುದೇ ನನ್ನ ಹೊಟ್ಟೆಪಾಡು. ಕಾಲೇಜು ಹುಡುಗ ಹುಡುಗಿಯರ ಸೈಟುಗಳನ್ನು ಆಗಾಗ ನೋಡಿಕೊಡುತ್ತೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

‘ಮಸ್ತ್ ಐತಿ’ ಅಂದವರ ತಪ್ಪೇನೂ ಇಲ್ಲ. ‘ಹೇಗಿದೆ?’ ಅಂತ ಕೇಳಿದರೆ ಗೆಳೆಯರು ಬೇರೇನು ಹೇಳಬೇಕು? ಕಷ್ಟಪಟ್ಟು ಮಾಡಿದ್ದಾರೆ, ಸುಮ್ನೆ ಯಾಕೆ ಮನಸ್ಸು ನೋಯಿಸುವುದು ಅಂದುಕೊಳ್ಳುತ್ತಾರೆ. ಅದಕ್ಕೇ ಅಭಿಪ್ರಾಯ ಕೇಳಬೇಡಿ, ಕೆಲಸ ಕೊಡಿ. ಸೈಟಿನಲ್ಲಿ ಮಾಡಬೇಕಾದ ಒಂದು ಸಣ್ಣ ಕೆಲಸ ಹೇಳಿ, ಫೋನ್ ಅವರ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡು ನೋಡಿ. ಅವರ ಹೆಬ್ಬೆರಳು ಎಲ್ಲಿ ತಡವರಿಸುತ್ತದೋ ಅಲ್ಲಿ ನಿಮ್ಮ ಡಿಸೈನ್ ಸೋತಿದೆ ಅಂತ ಅರ್ಥ.

ಯಾವ ಕೆಲಸ ಕೊಡಬೇಕು ಅನ್ನುವುದು ಸೈಟಿಗೆ ಯಾರು ಬರುತ್ತಾರೆ ಅನ್ನುವುದರ ಮೇಲೆ ನಿಂತಿದೆ. ಕಾಲೇಜು ತಂಡದ ಸೈಟಿಗೆ ಮುಖ್ಯವಾಗಿ ಬರುವವರು ರೊಕ್ಕ ಅಥವಾ ಸಾಮಾನು ಕೊಡುವ ಸ್ಪಾನ್ಸರ್, ತಂಡಕ್ಕೆ ಸೇರಬೇಕು ಅನ್ನುವ ಜೂನಿಯರ್, ನಿಮ್ಮ ರೋಬೊ ಹೇಗೆ ಕಟ್ಟಿದಿರಿ ಅಂತ ನೋಡುವ ಬೇರೆ ತಂಡದವರು. ಜೂನಿಯರ್‌ಗೆ ‘ಮುಂದಿನ ಆಯ್ಕೆ ಯಾವಾಗ, ಮೆಕ್ಯಾನಿಕಲ್‌ನವರೂ ಸೇರಬಹುದಾ, ಹುಡುಕು’ ಅನ್ನಿ. ಸ್ಪಾನ್ಸರ್‌ಗೆ ಕೊಡುವ ಕೆಲಸ ಬೇರೆ.

ಸ್ಪಾನ್ಸರ್ ವಿಷಯದಲ್ಲಿ ಒಂದನ್ನು ಹೇಳಲೇಬೇಕು. ಒಂದು ತಂಡದ ಹುಡುಗರ ಜೊತೆ ಗೋಕುಲ ರಸ್ತೆಯ ಒಂದು ಫ್ಯಾಬ್ರಿಕೇಶನ್ ವರ್ಕ್‌ಶಾಪಿಗೆ ಹೋಗಿದ್ದೆ. ಮಾಲೀಕರು ವಯಸ್ಸಾದವರು, ಕಾಲೇಜು ಮಕ್ಕಳಿಗೆ ಆಗಾಗ ಪ್ಲೇಟ್ ಕತ್ತರಿಸಿ ಕೊಡುವವರು. ‘ಕಾಕಾ, ಈ ತಂಡಕ್ಕೆ ನೀವು ಸಹಾಯ ಮಾಡಬೇಕು ಅಂದುಕೊಳ್ಳಿ. ಯಾರಿಗೆ ಫೋನ್ ಮಾಡ್ತೀರಿ? ಹುಡುಕಿ ನೋಡೋಣ’ ಅಂದೆ. ಅವರು ಕನ್ನಡಕ ಹಣೆಗೇರಿಸಿ ಫೋನನ್ನು ದೂರ ಹಿಡಿದರು. ಕಪ್ಪು ಪರದೆ, ನಡುವೆ ತಿರುಗುವ ತ್ರೀಡಿ ರೋಬೊ, ಕೆಳಗೆ ಇಂಗ್ಲಿಷಿನಲ್ಲಿ ಮೂರು ದೊಡ್ಡ ದೊಡ್ಡ ಪದ: ಇನ್ನೋವೇಟ್, ಇನ್‌ಸ್ಪೈರ್, ಇಗ್ನೈಟ್. ‘ಇದೇನ್ ಕೋಚಿಂಗ್ ಕ್ಲಾಸಾ ತಮ್ಮಾ?’ ಅಂದರು. ಹುಡುಗರ ಮುಖ ನೋಡಬೇಕಿತ್ತು.

ಮೇಲೆ ಮೂಲೆಯಲ್ಲಿದ್ದ ಮೂರು ಗೆರೆ ಒತ್ತಿದರೆ ಮೆನು ತೆರೆಯುತ್ತದೆ ಅಂತ ಅವರಿಗೆ ಹೊಳೆಯಲೇ ಇಲ್ಲ. ಒಬ್ಬ ಹುಡುಗ ‘ಸರ್, ಅಲ್ಲಿ ಒತ್ತಿ’ ಅನ್ನಲು ಹೊರಟ. ಸುಮ್ಮನಿರು ಅಂತ ಸನ್ನೆ ಮಾಡಿದೆ. ಕಾಕಾ ಕೆಳಗೆ ಸರಿಸುತ್ತಾ ಹೋದರು. ಎಲ್ಲಕ್ಕಿಂತ ಕೆಳಗೆ, ಗ್ಯಾಲರಿಯಲ್ಲಿ, ರೋಬೊದ ಚಾಸಿಯ, ಅಂದರೆ ಚೌಕಟ್ಟಿನ, ಮೂಲೆಯ ಜಾಯಿಂಟಿನ ಒಂದು ಫೋಟೋ ಇತ್ತು. ಅಲ್ಲಿ ಬೆರಳು ನಿಂತಿತು. ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಿ, ‘ಈ ವೆಲ್ಡಿಂಗ್ ನೀವ ಮಾಡೀರೇನು?’ ಅಂದರು. ಆ ಫೋಟೋಗೆ ಒಂದು ಸಾಲಿನ ವಿವರಣೆಯೂ ಇರಲಿಲ್ಲ. ಫೋನ್ ನಂಬರ್ ಕೊನೆಗೂ ಸಿಗಲಿಲ್ಲ.

ಆಮೇಲೆ ಹುಡುಗರು ತಿರುಗುವ ರೋಬೊ ತೆಗೆದು ಆ ಫೋಟೋವನ್ನು ಪೇಜಿನ ಮೇಲ್ಭಾಗಕ್ಕೆ ತಂದರು. ಅದರ ಕೆಳಗೆ ರೋಬೊದ ತೂಕ, ಅದು ಏನು ಎತ್ತುತ್ತದೆ, ಯಾವ ಸ್ಪರ್ಧೆಗೆ ಕಟ್ಟಿದ್ದು, ಈ ವರ್ಷ ಯಾವ ಯಾವ ಸಾಮಾನು ಬೇಕು ಅಂತ ನಾಲ್ಕು ಸಾಲು ಬಂತು. ಫೋನ್ ನಂಬರ್ ಒತ್ತಿದರೆ ನೇರ ಕಾಲ್ ಹೋಗುವಂತೆ ಮಾಡಿದರು. ಇಂಥ ಮಾತು ಡಿಸೈನರ್‌ಗಳ ಗುಂಪಿನಲ್ಲಿ ಕೇಳಿದ್ದರೆ ಸಿಗುತ್ತಿರಲಿಲ್ಲ. ಅಲ್ಲಿ ಫಾಂಟ್ ಬಗ್ಗೆ ಜಗಳ ಆಗುತ್ತಿತ್ತು.

ಎಷ್ಟು ಜನರ ಹತ್ತಿರ ಹೀಗೆ ಕೂರಬೇಕು? ಜೇಕಬ್ ನೀಲ್ಸನ್ ಅಂತ ಈ ವಿಷಯದ ಹಳೇ ಹುಲಿ ಒಬ್ಬರಿದ್ದಾರೆ. 5 ಜನರನ್ನು ಕೂರಿಸಿ ನೋಡಿದರೆ ಸುಮಾರು 85% ತೊಂದರೆಗಳು ಬಯಲಾಗುತ್ತವೆ ಅಂತ ಅವರು 2000ದಲ್ಲಿ ಬರೆದರು. ಆ ಲೆಕ್ಕ ಎಲ್ಲ ಕಡೆಗೂ ಹೊಂದುವುದಿಲ್ಲ ಅಂತ ವಾದ ಇದೆ. ಆದರೆ ಕಾಲೇಜು ತಂಡದ ನಾಲ್ಕೈದು ಪೇಜಿನ ಸೈಟಿಗೆ ಧಾರಾಳ ಸಾಕು. ಒಂದೇ ಸಲ 15 ಜನರನ್ನು ಕೇಳುವ ಬದಲು, 5 ಜನರನ್ನು ಕೇಳಿ, ತಿದ್ದಿ, ಮತ್ತೆ ಬೇರೆ 5 ಜನರನ್ನು ಕೇಳಿ. ನೀಲ್ಸನ್ ಮಾತಿನ ತಿರುಳೂ ಇದೇ.

ಮನುಷ್ಯರನ್ನು ಕೇಳುವ ಮೊದಲು ಯಂತ್ರವನ್ನು ಕೇಳಿ. ಅದು ಪುಕ್ಕಟೆ, ಮುಲಾಜೂ ಇಲ್ಲ. ಎಚ್‌ಟಿಎಂಎಲ್ ತಪ್ಪು ಹುಡುಕುವ ಡಬ್ಲ್ಯೂ3ಸಿ ವ್ಯಾಲಿಡೇಟರ್ ತಾಣದಲ್ಲಿ ಪೇಜಿನ ವಿಳಾಸ ಹಾಕಿದರೆ ಮುಚ್ಚದ ಟ್ಯಾಗ್, ಎರಡು ಸಲ ಬಂದ ಐಡಿ ಎಲ್ಲ ಹೇಳುತ್ತದೆ. ಕ್ರೋಮ್‌ನಲ್ಲಿ ಎಫ್12 ಒತ್ತಿದರೆ ಸಿಗುವ ಲೈಟ್‌ಹೌಸ್ ಅನ್ನುವ ಪರೀಕ್ಷಕ, ಪೇಜಿನ ವೇಗ, ಅಕ್ಷರದ ಬಣ್ಣ, ಆಲ್ಟ್ (ಚಿತ್ರದ ಬದಲಿಗೆ ಓದುವ ವಿವರಣೆ) ಇಲ್ಲದ ಚಿತ್ರ ಇವನ್ನೆಲ್ಲ ಹಿಡಿದು 100ಕ್ಕೆ ಅಂಕ ಕೊಡುತ್ತದೆ. ಕಪ್ಪು ಹಿನ್ನೆಲೆ ಮೇಲೆ ಬೂದು ಅಕ್ಷರ ಅಂದರೆ ರೋಬೊಟಿಕ್ಸ್ ತಂಡಗಳಿಗೆ ಅದೇನು ಪ್ರೀತಿಯೋ ಗೊತ್ತಿಲ್ಲ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಇರಬೇಕು ಅನ್ನುವುದು ನಿಯಮ. ಲೈಟ್‌ಹೌಸ್ 100 ಕೊಟ್ಟಿತು ಅಂದಮಾತ್ರಕ್ಕೆ ಸೈಟ್ ಚಲೋ ಆಯಿತು ಅಂತಲ್ಲ, ಅದು ಬೇರೆ ಮಾತು.

ವೇಗದ ಬಗ್ಗೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ನೀವು ಕಳೆ ತೆಗೆಯುವ ರೋಬೊ ಇಟ್ಟು, ಪಕ್ಕದಲ್ಲಿ ಕ್ಯೂಆರ್ ಕೋಡ್ ಅಂಟಿಸಿದಿರಿ ಅಂದುಕೊಳ್ಳಿ. ಅಷ್ಟು ಜನ ಸೇರಿದ ಕಡೆ ನೆಟ್‌ವರ್ಕ್ ತೆವಳುತ್ತದೆ. ಫೋನಿನಲ್ಲಿ ತೆಗೆದ ಫೋಟೋ ಒಂದೊಂದು 4 ಎಂಬಿ ಇರುತ್ತದೆ. ಅಂಥ 12 ಫೋಟೋ ಹಾಗೇ ಹಾಕಿದರೆ 48 ಎಂಬಿ. ಸೆಕೆಂಡಿಗೆ 1 ಮೆಗಾಬಿಟ್ ಬರುವ ಕಡೆ ಇದು ಇಳಿಯಲು 6 ನಿಮಿಷಕ್ಕಿಂತ ಜಾಸ್ತಿ ಬೇಕು. ಅಷ್ಟರಲ್ಲಿ ರೈತರು ಟ್ರ್ಯಾಕ್ಟರ್ ಸ್ಟಾಲಿಗೆ ಹೋಗಿ ಚಹಾ ಕುಡಿದು ಬಂದಿರುತ್ತಾರೆ. ಫೋಟೋದ ಅಗಲವನ್ನು 1600 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ ಅನ್ನುವ ಹಗುರ ಫಾರ್ಮ್ಯಾಟಿಗೆ ಬದಲಿಸಿದರೆ ಅದೇ ಫೋಟೋ ಕೆಲವು ನೂರು ಕೆಬಿಗೆ ಬರುತ್ತದೆ. ಕೆಳಗಿನ ಚಿತ್ರಗಳಿಗೆ ಲೇಜಿ ಲೋಡಿಂಗ್ ಹಾಕಿ, ಅಲ್ಲಿಗೆ ಸರಿಸಿದಾಗ ಮಾತ್ರ ಅವು ಇಳಿಯುತ್ತವೆ. ಪ್ರತಿ ಚಿತ್ರಕ್ಕೂ ಅಗಲ ಎತ್ತರ ಬರೆಯಿರಿ, ಇಲ್ಲದಿದ್ದರೆ ಚಿತ್ರ ಬಂದಾಗ ಓದುತ್ತಿದ್ದ ಸಾಲು ಕೆಳಗೆ ಜಿಗಿಯುತ್ತದೆ. ಕ್ಯಾಡ್ (ಕಂಪ್ಯೂಟರಿನಲ್ಲಿ ವಿನ್ಯಾಸ ಬರೆಯುವ ಸಾಫ್ಟ್‌ವೇರ್) ನಿಂದ ತೆಗೆದ ತ್ರೀಡಿ ಮಾಡೆಲ್ ಮುಖಪುಟದಲ್ಲಿ ಬೇಡವೇ ಬೇಡ. ಬೇಕಿದ್ದರೆ ಬೇರೆ ಪೇಜಿನಲ್ಲಿ ಇಡಿ.

ಇನ್ನೊಂದು, ನಮ್ಮ ಕಡೆ ಸೈಟಿನ ಲಿಂಕ್ ಓಡಾಡುವುದು ವಾಟ್ಸಾಪ್‌ನಲ್ಲೇ. ಲಿಂಕ್ ಕಳಿಸಿದಾಗ ಫೋಟೋ, ಹೆಸರು ಇರುವ ಸಣ್ಣ ಕಾರ್ಡ್ ಬರಬೇಕಾದರೆ ಎಚ್‌ಟಿಎಂಎಲ್‌ನ ಹೆಡ್ ಭಾಗದಲ್ಲಿ ಆ ಫೋಟೋ, ಹೆಸರು ಯಾವುದು ಅಂತ ಹೇಳುವ ಓಪನ್ ಗ್ರಾಫ್ ಟ್ಯಾಗುಗಳು ಇರಬೇಕು. ನಾಲ್ಕು ಸಾಲಿನ ಕೆಲಸ, ಬಹಳ ತಂಡಗಳು ಮಾಡಿರುವುದಿಲ್ಲ.

ಸೈಟಿನಲ್ಲಿ ಕನ್ನಡ ಪೇಜ್ ಇದೆಯಾ? ನೀವು ಹೇಳಿಲ್ಲ. ಇಲ್ಲದಿದ್ದರೆ ಒಂದಾದರೂ ಮಾಡಿ, ಸರ್ಕಾರಿ ಶಾಲೆಗಳಲ್ಲಿ ಡೆಮೊ ಕೊಡುವವರಿಗೆ ಅದು ಬೇಕೇ ಬೇಕು. ಆದರೆ ಇಂಗ್ಲಿಷಿಗೆ ಬರೆದ ಸಿಎಸ್‌ಎಸ್ ಕನ್ನಡಕ್ಕೆ ಹಾಗೇ ಕೂರುವುದಿಲ್ಲ. ‘ರಾಷ್ಟ್ರೀಯ ಸ್ಪರ್ಧೆ’ ಅಂತ ಒಂದು ಹೆಡ್ಡಿಂಗ್ ಬರೆದು ನೋಡಿ. ಸಾಲಿನ ಎತ್ತರ ಹೇಳುವ ಲೈನ್ ಹೈಟ್ 1.2 ಇದ್ದರೆ ಕೆಳಗಿನ ಒತ್ತಕ್ಷರಗಳು ಮುಂದಿನ ಸಾಲಿಗೆ ಬಡಿಯುತ್ತವೆ, ಡಬ್ಬಿಯೊಳಗಿದ್ದರೆ ಕತ್ತರಿಸಿಯೂ ಹೋಗಬಹುದು. 1.6 ಅಥವಾ ಜಾಸ್ತಿ ಕೊಡಿ. ಅಕ್ಷರಗಳ ನಡುವೆ ಅಂತರ ಹಾಕುವ ಲೆಟರ್ ಸ್ಪೇಸಿಂಗ್ ಕನ್ನಡಕ್ಕೆ ಬೇಡ, ಪದ ಚೆಲ್ಲಾಪಿಲ್ಲಿ ಕಾಣುತ್ತದೆ. ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಪುಕ್ಕಟೆ ಸಿಗುತ್ತದೆ. ಆಫೀಸಿನಲ್ಲಿ ‘ನುಡಿ’ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಕೊಟ್ಟ ಮಜಕೂರನ್ನು ನೇರ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ, ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಈ ಪೇಜನ್ನು ಹೈಸ್ಕೂಲ್ ಮೇಷ್ಟ್ರೊಬ್ಬರಿಗೆ ತೋರಿಸಿ, ಬೆಂಗಳೂರಿನ ಡಿಸೈನರ್‌ಗಲ್ಲ.

ಈಗ ಕೋಡ್. ಇಲ್ಲಿ ಕೇಳುವ ರೀತಿಯೇ ಬೇರೆ. ‘ಅಣ್ಣಾ, ರೆಪೊ ಲಿಂಕ್ ಕಳಿಸಿದ್ದೀನಿ, ಒಂಚೂರು ನೋಡಿ’ ಅಂತ ಗಿಟ್‌ಹಬ್‌ನಲ್ಲಿರುವ ಇಡೀ ಕೋಡ್ ಕಡತ ತೋರಿಸಿದರೆ ಯಾರೂ ನೋಡುವುದಿಲ್ಲ. ನಾನೂ ನೋಡುವುದಿಲ್ಲ. ‘ಮೆನು ತೆರೆದು ಮುಚ್ಚುವುದಕ್ಕೆ 80 ಸಾಲು ಆಗಿದೆ, ಇದನ್ನು ಚಿಕ್ಕದು ಮಾಡುವ ದಾರಿ ಇದೆಯಾ?’ ಅಂತ ಕೇಳಿದರೆ ಚಹಾ ಕುಡಿಯುವಷ್ಟರಲ್ಲಿ ಉತ್ತರ ಬರುತ್ತದೆ. ಒಂದು ಫೈಲ್, ಒಂದು ಪ್ರಶ್ನೆ. ಮಾಡಿದ ಬದಲಾವಣೆಯನ್ನು ಗಿಟ್‌ಹಬ್‌ನಲ್ಲಿ ಪರಿಶೀಲನೆಗೆ ಇಡುವ ಪುಲ್ ರಿಕ್ವೆಸ್ಟ್ ಮಾಡಿ ಕೊಟ್ಟರೆ ಇನ್ನೂ ಒಳ್ಳೆಯದು, ಸಾಲಿನ ಪಕ್ಕದಲ್ಲೇ ಮಾತು ಬರೆಯಬಹುದು. ರೆಪೊದ ಪರಿಚಯ ಹೇಳುವ ರೀಡ್‌ಮಿ ಫೈಲಿನಲ್ಲಿ, ನೋಡುವವರು ಸೈಟನ್ನು ತಮ್ಮ ಕಂಪ್ಯೂಟರಿನಲ್ಲಿ ಹೇಗೆ ತೆರೆಯಬೇಕು ಅಂತ ಬರೆದಿಡಿ.

ಕೋಡಿನ ಯಾವುದೋ ಭಾಗ ಎಐ ಬರೆದಿದ್ದರೆ ಅದನ್ನೂ ಹೇಳಿಬಿಡಿ. ನಾಚಿಕೆ ಏನಿಲ್ಲ. ‘ಇದು ಯಾಕೆ ಹೀಗೆ?’ ಅಂತ ಕೇಳಿದಾಗ ನೀವು ತಬ್ಬಿಬ್ಬಾದರೆ, ನೋಡಿಕೊಡುವವರಿಗೆ ಮುಂದೆ ಓದುವ ಮನಸ್ಸು ಉಳಿಯುವುದಿಲ್ಲ.

ನನಗೆ ಪದೇ ಪದೇ ಸಿಗುವ ದೋಷಗಳು ಕೆಲವಿವೆ, ನಿಮ್ಮಲ್ಲಿ ಇವೆಯಾ ನೋಡಿಕೊಳ್ಳಿ. ಲ್ಯಾಪ್‌ಟಾಪ್‌ನಲ್ಲಿ ಕಾಣುವ ಫೋಟೋ ಗಿಟ್‌ಹಬ್‌ನಲ್ಲಿ ಕಾಣುವುದಿಲ್ಲ ಅನ್ನುವುದು ಎಲ್ಲಕ್ಕಿಂತ ಜಾಸ್ತಿ. ಕಾರಣ ಸರಳ: ವಿಂಡೋಸ್ ಫೈಲ್ ಹೆಸರಿನಲ್ಲಿ ಕ್ಯಾಪಿಟಲ್, ಸ್ಮಾಲ್ ಭೇದ ಮಾಡುವುದಿಲ್ಲ, ಗಿಟ್‌ಹಬ್ ಪೇಜಸ್ ಮಾಡುತ್ತದೆ. ಕ್ಯಾಮೆರಾ ಕ್ಯಾಪಿಟಲ್ ಅಕ್ಷರದಲ್ಲಿ ಜೆಪಿಜಿ ಅಂತ ಹಾಕಿರುತ್ತದೆ, ನೀವು ಕೋಡಿನಲ್ಲಿ ಸ್ಮಾಲ್ ಬರೆದಿರುತ್ತೀರಿ. ಅಲ್ಲಿಗೆ ಮುಗಿಯಿತು. ಇನ್ನೊಂದು ಅದರ ತಮ್ಮ: ಲಿಂಕ್ ಓರೆಗೆರೆಯಿಂದ (/) ಶುರುವಾದರೆ ಅದು ರೆಪೊದ ಹೆಸರನ್ನು ಬಿಟ್ಟು ಡೊಮೈನಿನ ಬುಡಕ್ಕೆ ಹೋಗುತ್ತದೆ, ‘ಪೇಜ್ ಸಿಗಲಿಲ್ಲ’ ಅನ್ನುವ 404 ಬರುತ್ತದೆ. ಫೋನಿನ ಅಗಲಕ್ಕೆ ಪೇಜ್ ಹೊಂದಿಸುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಮರೆತರೆ ಇಡೀ ಸೈಟ್ ಮೊಬೈಲಿನಲ್ಲಿ ಇರುವೆ ಗಾತ್ರಕ್ಕೆ ಇಳಿಯುತ್ತದೆ. ಬಟನ್ ಟ್ಯಾಗ್ ಇರಬೇಕಾದ ಕಡೆ ಡಿವ್ ಅನ್ನುವ ಬರೀ ಡಬ್ಬಿ ಟ್ಯಾಗ್ ಇಟ್ಟು ಕ್ಲಿಕ್ ಹಾಕಿದರೆ ಕೀಬೋರ್ಡಿನಿಂದ ಅದನ್ನು ಒತ್ತಲು ಆಗುವುದಿಲ್ಲ. ಎಲ್ಲ ಪೇಜಿನಲ್ಲೂ ಒಂದೇ ಹೆಡರ್ ಕಾಪಿ ಪೇಸ್ಟ್ ಆಗಿದ್ದರೆ, ಒಂದೇ ಕಡೆ ಬರೆದು ಎಲ್ಲ ಪೇಜಿಗೂ ಹಾಕಿಕೊಡುವ ಜೆಕಿಲ್ ಅನ್ನುವ ಸಾಧನ ನೋಡಿ, ಗಿಟ್‌ಹಬ್ ಪೇಜಸ್ ಅದನ್ನು ತಾನೇ ನಡೆಸುತ್ತದೆ. ರಿಯಾಕ್ಟ್ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿ ಕಲಿಯಬೇಕು ಅಂತ ಆಸೆ ಇದ್ದರೆ ಕಲಿಯಿರಿ, ಆದರೆ ಈ ಸೈಟಿಗೆ ಅದರ ಗರಜು ಇಲ್ಲ.

ಒಂದು ವಿಷಯ ಮಾತ್ರ ತಮಾಷೆ ಅಲ್ಲ. ಕಾಂಟ್ಯಾಕ್ಟ್ ಫಾರ್ಮ್ ನಡೆಯಲಿ ಅಂತ ತಂಡದ ಮೇಲ್ ಪಾಸ್‌ವರ್ಡನ್ನೇ ಜಾವಾಸ್ಕ್ರಿಪ್ಟ್ ಫೈಲಿನಲ್ಲಿ ಬರೆದಿಟ್ಟವರನ್ನು ನೋಡಿದ್ದೇನೆ. ಅದು ಎಲ್ಲರಿಗೂ ಕಾಣುತ್ತದೆ. ಅಳಿಸಿದರೂ ಗಿಟ್‌ನ ಹಳೆಯ ಕಮಿಟ್‌ನಲ್ಲಿ (ಉಳಿಸಿಟ್ಟ ಹಳೆಯ ಆವೃತ್ತಿಯಲ್ಲಿ) ಕೂತಿರುತ್ತದೆ. ಪಾಸ್‌ವರ್ಡ್ ಬದಲಿಸುವುದೊಂದೇ ದಾರಿ. ಹಾಗೆಯೇ ತಂಡದವರ ಪೇಜಿನಲ್ಲಿ ಎಲ್ಲರ ಮೊಬೈಲ್ ನಂಬರ್, ಯುಎಸ್‌ಎನ್ (ವಿದ್ಯಾರ್ಥಿ ಸಂಖ್ಯೆ) ಹಾಕಬೇಡಿ. ಪಿಯುಸಿ ಮಕ್ಕಳು, 18 ಆಗದವರು ತಂಡದಲ್ಲಿದ್ದರೆ ಅಪ್ಪ ಅಮ್ಮನ ಒಪ್ಪಿಗೆ ತೆಗೆದುಕೊಳ್ಳಿ. 2023ರ ಡೇಟಾ ಕಾಯ್ದೆಯಲ್ಲೂ ಮಕ್ಕಳ ಮಾಹಿತಿಗೆ ಅದನ್ನೇ ಹೇಳಿದೆ.

ಕೋಡ್ ನೋಡುವವರು ಎಲ್ಲಿ ಸಿಗುತ್ತಾರೆ? ನಿಮ್ಮ ಕಾಲೇಜಿನಿಂದ ಹೋಗಿ ಬೆಂಗಳೂರು, ಪುಣೆಯಲ್ಲಿ ಕೆಲಸ ಮಾಡುವ ಸೀನಿಯರ್‌ಗಳಿಗೆ ಶನಿವಾರ ಅರ್ಧ ತಾಸು ಸ್ಕ್ರೀನ್ ಶೇರ್ ಮಾಡಿ. ಅದಕ್ಕಿಂತ ನನಗೆ ಇಷ್ಟವಾಗುವುದು ಅದಲು ಬದಲು. ಅವಳಿ ನಗರದಲ್ಲಿ ಕಾಲೇಜುಗಳಿಗೆ ಬರ ಇಲ್ಲ. ಎಲ್ಲರೂ ಇನ್ನೂ ಬಿವಿಬಿ ಅಂತಲೇ ಕರೆಯುವ ಕೆಎಲ್‌ಇ ಟೆಕ್ ಇದೆ, ಎಸ್‌ಡಿಎಂ ಇದೆ, ಧಾರವಾಡದಲ್ಲಿ ಐಐಟಿ, ಐಐಐಟಿ ಎರಡೂ ಇವೆ. ಅಲ್ಲಿನ ಕೋಡಿಂಗ್ ಆಸಕ್ತಿ ಇರುವವರಿಗೆ ‘ನಿಮ್ಮದನ್ನು ನಾವು ನೋಡುತ್ತೇವೆ, ನಮ್ಮದನ್ನು ನೀವು ನೋಡಿ’ ಅನ್ನಿ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ ಹತ್ತಿದರೆ ಮುಖಾಮುಖಿಯೇ ಕೂರಬಹುದು. ಬೇರೆಯವರ ಕೋಡ್ ಓದಿದಾಗ ನಮ್ಮದರ ಹುಳುಕು ಕಾಣುವಷ್ಟು ಇನ್ಯಾವಾಗಲೂ ಕಾಣುವುದಿಲ್ಲ.

ನೋಡಿ ಕಲಿಯಲು ಅಮೆರಿಕದ ‘ಫಸ್ಟ್ ರೋಬೊಟಿಕ್ಸ್’ ಅನ್ನುವ ಸ್ಪರ್ಧೆಯ ತಂಡಗಳ ಸೈಟುಗಳನ್ನು ತೆರೆಯಿರಿ, ಅವರು ಹೈಸ್ಕೂಲ್ ಮಕ್ಕಳು. ಕ್ಯಾಲಿಫೋರ್ನಿಯಾದ 254ನೇ ತಂಡ ತನ್ನ ರೋಬೊಗಳ ಕೋಡನ್ನು ಗಿಟ್‌ಹಬ್‌ನಲ್ಲಿ ಬಹಿರಂಗವಾಗಿ ಇಡುತ್ತಾ ಬಂದಿದೆ. ನೀವೂ ಪ್ರತಿ ವರ್ಷದ ರೋಬೊಗೆ ಒಂದು ಪೇಜ್ ಮಾಡಿ, ಕೆಲಸ ಮಾಡದ ಗ್ರಿಪ್ಪರಿನ (ವಸ್ತು ಹಿಡಿಯುವ ಕೈಯ) ಫೋಟೋ ಸಮೇತ. ಬೇರೆ ತಂಡದವರು ಓದುವುದು ಅದನ್ನೇ.

ಕೊನೆಗೆ ಬರುವ ತಲೆನೋವು, ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಉಲ್ಟಾ ಹೇಳುವುದು. ಅವರು ಹೇಳುವ ತೊಂದರೆಯನ್ನು ನಂಬಿ, ಪರಿಹಾರವನ್ನು ಎಲ್ಲ ಸಲ ನಂಬಬೇಕಿಲ್ಲ. ‘ಬಟನ್ ಕೆಂಪು ಮಾಡಿ’ ಅಂದರೆ ಬಟನ್ ಅವರಿಗೆ ಕಾಣಲಿಲ್ಲ ಅಂತ ಬರೆದುಕೊಳ್ಳಿ. ಒಬ್ಬರಿಗೊಬ್ಬರು ಪರಿಚಯವಿಲ್ಲದ ಇಬ್ಬರು ಒಂದೇ ಕಡೆ ಎಡವಿದರೆ ಅವತ್ತೇ ಸರಿಪಡಿಸಿ. ಬಣ್ಣ ಇಷ್ಟವಾಗಲಿಲ್ಲ ಅಂದವರಿಗೆ ಥ್ಯಾಂಕ್ಸ್ ಹೇಳಿ ಮುಂದೆ ಹೋಗಿ. ಇನ್ನು ಮುಖಪುಟದ ಮೇಲೆಯೇ ಆಡಳಿತ ಮಂಡಳಿಯ ಎಲ್ಲರ ಫೋಟೋ ಬರಬೇಕು ಅಂತ ಎಚ್‌ಒಡಿ ಸರ್ ಹೇಳಿದರೆ ಲೈಟ್‌ಹೌಸ್ ರಿಪೋರ್ಟ್ ತೋರಿಸಿ ವಾದ ಮಾಡಬೇಡಿ. ‘ನಮ್ಮ ಬಗ್ಗೆ’ ಅಂತ ಒಂದು ಪೇಜ್ ಮಾಡಿ, ಫೋಟೋಗಳನ್ನು ಅಲ್ಲಿ ಚೆಂದ ಮಾಡಿ ಜೋಡಿಸಿ, ಮೊದಲು ಅದೇ ಪೇಜನ್ನು ತೆರೆದು ಅವರಿಗೆ ತೋರಿಸಿ. ಸಾಮಾನ್ಯವಾಗಿ ಒಪ್ಪುತ್ತಾರೆ.