ಸಮೋವಾ: ಸ್ವಾತಂತ್ರ್ಯ ಜನವರಿಲಿ, ಹಬ್ಬ ಜೂನಲ್ಲಿ

ಪ್ರಶ್ನೆ: ಪೆಸಿಫಿಕ್ ಸಾಗರದ ದ್ವೀಪದೇಶ ಸಮೋವಾಕ್ಕೆ ಸ್ವಾತಂತ್ರ್ಯ ಬಂದಿದ್ದು 1962ರ ಜನವರಿ 1ಕ್ಕೆ ಅಂತ ಓದಿದ್ದೆ. ಆದ್ರೆ ಸ್ವಾತಂತ್ರ್ಯ ದಿನದ ಫೋಟೋಗಳೆಲ್ಲ ಜೂನ್ 1ರದ್ದೇ ಇರ್ತವಲ್ಲ, ಯಾವ್ದು ಸರಿ?

ಉತ್ತರ: ಎರಡೂ ಸರಿ. ಕಾಗದದ ಮೇಲೆ ನ್ಯೂಜಿಲೆಂಡಿಂದ ಸ್ವಾತಂತ್ರ್ಯ ಬಂದಿದ್ದು ಜನವರಿ 1ಕ್ಕೇ. ಆದ್ರೆ ಅವತ್ತು ಹೇಗಿದ್ರೂ ಹೊಸ ವರ್ಷದ ರಜೆ, ಮೇಲಾಗಿ ಅಲ್ಲಿ ನವೆಂಬರಿಂದ ಏಪ್ರಿಲ್‌ವರೆಗೂ ಮಳೆಗಾಲ, ಹಾಗಾಗಿ ಆಚರಣೆ ಜೂನ್ 1ಕ್ಕೆ ಹೋಯ್ತು. ಬೆಳಿಗ್ಗೆ ಬಾವುಟ ಏರಿಸ್ತಾರೆ, ರಾಜಧಾನಿ ಆಪಿಯಾದಲ್ಲಿ ಮೆರವಣಿಗೆ, ಹಾಡು, ಕುಣಿತ ಎಲ್ಲ ಇರುತ್ತೆ. ಇಪ್ಪತ್ತನೇ ಶತಮಾನದಲ್ಲಿ ಪೆಸಿಫಿಕ್ ದ್ವೀಪಗಳ ಪೈಕಿ ಮೊದಲು ಸ್ವತಂತ್ರ ಆದ ದೇಶ ಇದೇ, ಅದಕ್ಕೇ ಅವರಿಗೆ ಅಷ್ಟು ಹೆಮ್ಮೆ.

ಪ್ರಶ್ನೆ: ನ್ಯೂಜಿಲೆಂಡ್ ಅಂದ್ರೆ ಸೌಮ್ಯ ದೇಶ ಅನ್ಕೊಂಡಿದ್ದೆ, ಅದರ ವಿರುದ್ಧ ಹೋರಾಡೋ ಅಂಥದ್ದು ಏನಾಗಿತ್ತು?

ಉತ್ತರ: ಇದನ್ನ ಸ್ವಲ್ಪ ಬಿಡಿಸೇ ಹೇಳ್ಬೇಕು, ಯಾಕಂದ್ರೆ ಈ ಕಥೆ ಗೊತ್ತಿರೋರು ಕಮ್ಮಿ. 1899ರಲ್ಲಿ ದೊಡ್ಡ ದೇಶಗಳು ಕೂತು ಒಪ್ಪಂದ ಮಾಡ್ಕೊಂಡು ಸಮೋವಾನ ಎರಡು ಭಾಗ ಮಾಡಿದ್ವು, ಪಶ್ಚಿಮದ್ದು ಜರ್ಮನಿಗೆ, ಪೂರ್ವದ್ದು ಅಮೆರಿಕಕ್ಕೆ. 1914ರಲ್ಲಿ ಮಹಾಯುದ್ಧ ಶುರುವಾದ ತಿಂಗಳಲ್ಲೇ ನ್ಯೂಜಿಲೆಂಡ್ ಸೈನ್ಯ ಬಂದು ಜರ್ಮನ್ ಭಾಗಾನ ಹಿಡ್ಕೊಳ್ತು.

ಆಮೇಲೆ 1918ರ ನವೆಂಬರ್ 7. ಆಕ್ಲೆಂಡಿಂದ ಬಂದ ತಾಲೂನೆ ಅನ್ನೋ ಹಡಗಲ್ಲಿ ಇನ್‌ಫ್ಲುಯೆಂಜಾ ರೋಗಿಗಳಿದ್ರು, ಆದ್ರೂ ಕ್ವಾರಂಟೈನ್ ಮಾಡ್ದೆ ಆಪಿಯಾದಲ್ಲಿ ಜನರನ್ನ ಇಳಿಯೋಕೆ ಬಿಟ್ರು. ಕೆಲವೇ ವಾರದಲ್ಲಿ ಸುಮಾರು 8,500 ಜನ ಸತ್ತೋದ್ರು, ಅಂದ್ರೆ ಐದು ಜನರಲ್ಲಿ ಒಬ್ಬರಿಗಿಂತ ಹೆಚ್ಚು. ಹೂಳೋಕೂ ಗಟ್ಟಿ ಇರೋ ಜನ ಉಳಿದಿರ್ಲಿಲ್ಲ, ಲಾರಿ ಮನೆಮನೆಗೆ ಹೋಗಿ ಚಾಪೇಲಿ ಸುತ್ತಿದ ಹೆಣಗಳನ್ನ ತುಂಬ್ಕೊಂಡು ಬರ್ತಿತ್ತು, ವೈಮೊಸೊ ಹಳ್ಳೀಲಿ ಒಂದೇ ಗುಂಡಿಗೆ ಹಾಕಿದ್ರು. ಪಕ್ಕದ ಅಮೆರಿಕನ್ ಸಮೋವಾದಲ್ಲಿ ಗವರ್ನರ್ ಜಾನ್ ಪೋಯರ್ ಹಡಗುಗಳನ್ನ ಕಟ್ಟುನಿಟ್ಟಾಗಿ ತಡೆದಿದ್ರಿಂದ ಅಲ್ಲಿ ಒಂದೂ ಸಾವಾಗ್ಲಿಲ್ಲ. ಅಲ್ಲಿಂದ ಸಹಾಯ ಮಾಡ್ತೀವಿ ಅಂತ ಹೇಳಿ ಕಳಿಸಿದ್ರೂ ಇಲ್ಲಿನ ನ್ಯೂಜಿಲೆಂಡ್ ಆಡಳಿತಾಧಿಕಾರಿ ರಾಬರ್ಟ್ ಲೋಗನ್ ಅದನ್ನ ತಗೊಳ್ಲಿಲ್ಲ. ಇದನ್ನ ಓದುವಾಗೆಲ್ಲ ನಂಗೆ ಹೊಟ್ಟೇಲಿ ಸಂಕಟ ಆಗುತ್ತೆ.

ಆ ಸಿಟ್ಟು ಆರ್ಲಿಲ್ಲ. 1920ರ ದಶಕದಲ್ಲಿ ಅದು ಮೌ ಅನ್ನೋ ಚಳವಳಿ ಆಯ್ತು, ಘೋಷಣೆ 'ಸಮೋವಾ ಮೊ ಸಮೋವಾ', ಸಮೋವಾ ಸಮೋವನ್ನರದ್ದು ಅಂತ. ಕಡುನೀಲಿ ಲುಂಗಿ, ಅದ್ರ ಮೇಲೆ ಬಿಳಿ ಪಟ್ಟಿ, ಅದೇ ಅವರ ಯೂನಿಫಾರ್ಮ್. ಆಯುಧ ಹಿಡೀಲಿಲ್ಲ, ತೆರಿಗೆ ಕಟ್ಟಲ್ಲ ಅಂದ್ರು ಅಷ್ಟೇ.

1929ರ ಡಿಸೆಂಬರ್ 28, ಶನಿವಾರ. ಗಡಿಪಾರಾಗಿ ವಾಪಸ್ ಬರ್ತಿದ್ದವರನ್ನ ಸ್ವಾಗತಿಸೋಕೆ ಆಪಿಯಾದಲ್ಲಿ ಮೆರವಣಿಗೆ ಹೊರಟಿತ್ತು, ಪೊಲೀಸರು ಒಬ್ಬರನ್ನ ಅರೆಸ್ಟ್ ಮಾಡೋಕೆ ನುಗ್ಗಿದ್ರು, ಗಲಾಟೆ ಆಯ್ತು, ಗುಂಡು ಹಾರಿಸಿದ್ರು, ಪೊಲೀಸ್ ಸ್ಟೇಷನ್ನಿಂದ ಮೆಷಿನ್ ಗನ್ನೂ ಸದ್ದು ಮಾಡ್ತು. ನಾಯಕ ಟುಪುವಾ ತಮಾಸೆಸೆ ಲೆಯಾಲೊಫಿ ತನ್ನ ಜನರ ಕಡೆ ತಿರುಗಿ ಶಾಂತಿ, ಶಾಂತಿ ಅಂತ ಕೂಗ್ತಿದ್ದಾಗ್ಲೇ ಗುಂಡು ತಗುಲ್ತು, ಮಾರನೇ ದಿನ ತೀರ್ಕೊಂಡ್ರು. ನನ್ನ ರಕ್ತಕ್ಕೆ ಸೇಡು ತೀರಿಸ್ಬೇಡಿ ಅಂತ ಹೇಳಿಯೇ ಪ್ರಾಣ ಬಿಟ್ರು. ಅವರನ್ನೂ ಸೇರಿಸಿ ಕನಿಷ್ಠ ಎಂಟು ಸಮೋವನ್ನರು ಸತ್ತರು. ಆಮೇಲೆ ಗಂಡಸರು ಕಾಡು ಸೇರ್ಬೇಕಾಯ್ತು, ಆದ್ರೆ ಚಳವಳಿ ನಿಲ್ಲಲಿಲ್ಲ, ಹೆಂಗಸರೇ ಮಹಿಳಾ ಮೌ ಕಟ್ಕೊಂಡು ಮುಂದುವರಿಸಿದ್ರು.

ಮುಂದಿನದ್ದು ನಿಧಾನ. ಎರಡನೇ ಮಹಾಯುದ್ಧ ಮುಗಿದ್ಮೇಲೆ ವಿಶ್ವಸಂಸ್ಥೆ ನಿಗಾ ಬಂತು, 1961ರ ಮೇ ತಿಂಗಳಲ್ಲಿ ಜನಮತಗಣನೆ ನಡೀತು, ಜನ ಸ್ವಾತಂತ್ರ್ಯ ಬೇಕು ಅಂದ್ರು. ಗುಂಡೇಟಿಗೆ ಸತ್ತ ತಮಾಸೆಸೆಯವರ ವಂಶದವರೇ ಆದ ಟುಪುವಾ ತಮಾಸೆಸೆ ಮೆಯಾಓಲೆ, ಮಲಿಯೆಟೊವಾ ತನುಮಾಫಿಲಿ ಜೊತೆ ಸೇರಿ ಹೊಸ ದೇಶದ ಜಂಟಿ ಮುಖ್ಯಸ್ಥರಾದ್ರು.

ಪ್ರಶ್ನೆ: ನ್ಯೂಜಿಲೆಂಡ್ ಯಾವತ್ತಾದ್ರೂ ಕ್ಷಮೆ ಕೇಳಿದ್ಯಾ?

ಉತ್ತರ: ಕೇಳಿದೆ. 2002ರ ಜೂನಲ್ಲಿ, ಸ್ವಾತಂತ್ರ್ಯದ 40ನೇ ವರ್ಷದ ಆಚರಣೆಗೆ ಬಂದಿದ್ದ ಪ್ರಧಾನಿ ಹೆಲೆನ್ ಕ್ಲಾರ್ಕ್ ಆಪಿಯಾದಲ್ಲೇ ನಿಂತು ಹಡಗಿನ ವಿಷಯಕ್ಕೂ, ಆ ಶನಿವಾರ ಗುಂಡು ಹಾರಿಸಿದ್ದಕ್ಕೂ, ಮುಖಂಡರನ್ನ ಗಡಿಪಾರು ಮಾಡಿದ್ದಕ್ಕೂ ಕ್ಷಮೆ ಕೇಳಿದ್ರು. ಬರೀ ಪತ್ರ ಕಳಿಸ್ದೆ, ಗುಂಡು ಹಾರಿದ ಊರಿಗೇ ಬಂದು ಕೇಳಿದ್ದು ದೊಡ್ಡ ವಿಷಯ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ಅಮೆರಿಕನ್ ಸಮೋವಾದಲ್ಲೂ ಜೂನ್ 1ಕ್ಕೇ ಹಬ್ಬಾನಾ?

ಉತ್ತರ: ಇಲ್ಲ, ಅದು ಈಗಲೂ ಅಮೆರಿಕದ ಕೈಯಲ್ಲೇ ಇದೆ. ಅವರದ್ದು ಏಪ್ರಿಲ್ 17ರ ಫ್ಲ್ಯಾಗ್ ಡೇ, 1900ರಲ್ಲಿ ಅಮೆರಿಕದ ಬಾವುಟ ಏರಿಸಿದ ದಿನ. ಭಾಷೆ ಒಂದೇ, ಬಳಗಾನೂ ಎರಡೂ ಕಡೆ ಹರಡಿದೆ, ಆದ್ರೆ ಸಮೋವಾ ಅಂತರರಾಷ್ಟ್ರೀಯ ದಿನಾಂಕ ರೇಖೆಯ (ಇದರ ಎರಡು ಬದಿಗೆ ತಾರೀಖು ಒಂದು ದಿನ ಬೇರೆ) ಈಚೆಗೆ ಬರೋಕೆ 2011ರ ಡಿಸೆಂಬರ್ 30ನ್ನೇ ಕ್ಯಾಲೆಂಡರಿಂದ ಬಿಟ್ಟುಬಿಡ್ತು. ಹಾಗಾಗಿ ಆಪಿಯಾದಲ್ಲಿ ಜೂನ್ 1ರ ಬಾವುಟ ಏರುವಾಗ ಅಮೆರಿಕನ್ ಸಮೋವಾದ ರಾಜಧಾನಿ ಪಾಗೊ ಪಾಗೊದಲ್ಲಿ ಇನ್ನೂ ಮೇ 31ರ ಬೆಳಗು.