ಓದುಗರ ಪ್ರಶ್ನೆ, ನಮ್ಮ ಉತ್ತರ: ಎಸ್‌ಡಿಎಂಸಿಗೆ ನಿಲ್ಲುವವರಿಗೆ

ಪ್ರಶ್ನೆ: ನನ್ನ ಇಬ್ಬರು ಮಕ್ಕಳು ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಐದನೆಯ ಮತ್ತು ಎರಡನೆಯ ತರಗತಿಯಲ್ಲಿ ಓದುತ್ತಿದ್ದಾರೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅವಧಿ ಮುಗಿದಿದ್ದು, ಹೊಸ ಸಮಿತಿಗಾಗಿ ಪೋಷಕರ ಸಭೆ ಕರೆಯಲಿದ್ದಾರೆ. ಹಿರಿಯರು ಚಾವಡಿಯಲ್ಲೇ ಹೆಸರುಗಳನ್ನು ತೀರ್ಮಾನಿಸಿ, ‘ಅವಿರೋಧ ಆಯ್ಕೆ’ ಎಂದು ಮುಗಿಸುವುದು ನಮ್ಮಲ್ಲಿನ ರೂಢಿ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ್ದೇನೆ, ಕೂಲಿಗೆ ಹೋಗುತ್ತೇನೆ. ನಾನು ನಿಲ್ಲಬಹುದೆ? ಆಯ್ಕೆಯಾದರೆ ಮಾಡುವುದೇನಿದೆ?
– ಒಬ್ಬ ತಾಯಿ, ಹಾನಗಲ್ ತಾಲ್ಲೂಕು

ಉತ್ತರ: ನಿಲ್ಲಬಹುದು, ತಾಯಿ. ನಿಮ್ಮ ಮಗುವಿನ ಹೆಸರು ಆ ಶಾಲೆಯ ಹಾಜರಿ ಪುಸ್ತಕದಲ್ಲಿದೆ ಎಂಬುದೇ ನಿಮ್ಮ ಅರ್ಹತೆ. ಓದು, ಜಮೀನು, ಮನೆತನ ಯಾವುದನ್ನೂ ಕಾನೂನು ಕೇಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ದುರ್ಬಲ ವರ್ಗಗಳ ಮಕ್ಕಳ ಪೋಷಕರಿಗೆ ಅವರ ಸಂಖ್ಯೆಗೆ ತಕ್ಕ ಪ್ರಾತಿನಿಧ್ಯ ಇರಬೇಕು. ನಮ್ಮ ರಾಜ್ಯದ ಸಮಿತಿಯಲ್ಲಿ ಪೋಷಕರ ಸ್ಥಾನಗಳು 18. ಅಧ್ಯಕ್ಷರೂ ಅವರೊಳಗಿನಿಂದಲೇ ಆಗಬೇಕು. ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿಯಾಗಿರುತ್ತಾರೆ. ನಿಮ್ಮ ಹಿರಿಯರಿಗೆ ಇದು ಹೊಸ ಕಾನೂನು ಎನ್ನಿಸಿದರೆ, ಡಾ. ರಾಜಾರಾಮಣ್ಣ ಅವರ ನೇತೃತ್ವದ ಕಾರ್ಯಪಡೆಯ ಶಿಫಾರಸಿನ ಬೆನ್ನಿಗೆ 2001ರ ಏಪ್ರಿಲ್‌ನಲ್ಲಿ ಹೊರಟ ಸರ್ಕಾರಿ ಆದೇಶದಿಂದಲೇ ಕರ್ನಾಟಕದಲ್ಲಿ ಈ ಸಮಿತಿಗಳು ಹುಟ್ಟಿದವು ಎಂದು ತಿಳಿಸಿ. ಕೇಂದ್ರದ ಕಾಯ್ದೆ ಬಂದದ್ದು ಆ ಮೇಲೆ.

‘ಅವಿರೋಧ’ದ ವಿಷಯ. ಒಮ್ಮತ ತಪ್ಪಲ್ಲ, ಆದರೆ ಅದು ಶಾಲೆಯ ಅಂಗಳದಲ್ಲಿ, ಪೋಷಕರೆಲ್ಲ ಸೇರಿದ ಸಭೆಯಲ್ಲಿ ಮೂಡಿದ್ದಾಗಿರಬೇಕು. ಚಾವಡಿಯಲ್ಲಿ ಬರೆದ ಚೀಟಿಯನ್ನು ಸಭೆಯಲ್ಲಿ ಓದಿ ಚಪ್ಪಾಳೆ ತಟ್ಟಿಸಿದರೆ ಅದನ್ನು ಆಯ್ಕೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಸಭೆಗೆ ನೀವೊಬ್ಬರೇ ಹೋಗಬೇಡಿ. ನಿಮ್ಮ ಓಣಿಯ ನಾಲ್ಕೈದು ತಾಯಂದಿರನ್ನು ಜತೆಗೆ ಕರೆದುಕೊಂಡು ಹೋಗಿ, ಅವರಲ್ಲೊಬ್ಬರು ನಿಮ್ಮ ಹೆಸರನ್ನು ಎಲ್ಲರಿಗೂ ಕೇಳುವಂತೆ ಸೂಚಿಸಲಿ, ಇನ್ನೊಬ್ಬರು ಅನುಮೋದಿಸಲಿ, ಹಾಗೆ ಸೂಚಿಸಿದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಯಿತೇ ಎಂದು ಕಣ್ಣಾರೆ ನೋಡಿಯೇ ಸಹಿ ಹಾಕಿ. ಸ್ಥಾನಗಳಿಗಿಂತ ಹೆಸರುಗಳು ಹೆಚ್ಚಾದರೆ ಮತಕ್ಕೆ ಹಾಕಿ ಎಂದು ಕೇಳುವುದು ಜಗಳವಲ್ಲ. ಅಲ್ಲಿಯೂ ನ್ಯಾಯ ಸಿಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆದು ಇಟ್ಟುಕೊಳ್ಳಿ.

ಇನ್ನು ಕೆಲಸದ ಮಾತು. ನಾನು ಹಲವು ವರ್ಷ ಮುಖ್ಯ ಶಿಕ್ಷಕನಾಗಿ ಇಂಥ ಸಮಿತಿಯ ಕಾರ್ಯದರ್ಶಿಯಾಗಿದ್ದವನು. ಆಗಸ್ಟ್ 15ರಂದು ಧ್ವಜದ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಮತ್ತೆ ಮುಂದಿನ ಜನವರಿ 26ಕ್ಕೇ ಮುಖ ತೋರಿಸುವ ಸದಸ್ಯರನ್ನು ಬಲ್ಲೆ. ಪಾಸ್‌ಬುಕ್ ಕೇಳಿದ ಸದಸ್ಯರು ಬೆರಳೆಣಿಕೆಯಷ್ಟು, ಅವರಲ್ಲಿ ಹೆಚ್ಚಿನವರು ತಾಯಂದಿರು. ಶಾಲೆಯ ಖಾತೆ ಅಧ್ಯಕ್ಷರ ಮತ್ತು ಮುಖ್ಯ ಶಿಕ್ಷಕರ ಜಂಟಿ ಸಹಿಯಲ್ಲಿ ನಡೆಯುವುದರಿಂದ, ಖಾಲಿ ಚೆಕ್ಕಿಗೆ ಸಹಿ ಹಾಕುವ ಅಧ್ಯಕ್ಷರಿದ್ದರೆ ಉಳಿದ ಹದಿನೇಳು ಮಂದಿ ಇದ್ದೂ ಇಲ್ಲದಂತೆ. ಕೇಂದ್ರದ ‘ಸಮಗ್ರ ಶಿಕ್ಷಣ’ ಯೋಜನೆಯ ಮಾರ್ಗಸೂಚಿಯಂತೆ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ: 30ರವರೆಗೆ 10,000, 100ರವರೆಗೆ 25,000, 250ರವರೆಗೆ 50,000 ರೂಪಾಯಿ. ಅದರಲ್ಲಿ ಕನಿಷ್ಠ ಶೇಕಡ 10ರಷ್ಟನ್ನು ಸ್ವಚ್ಛತೆಗೆ ಬಳಸಬೇಕು. ಹಣ ಯಾವಾಗ ಬಂತು, ಎಷ್ಟು ಬಂತು, ಶೌಚಾಲಯದ ನೀರಿಗೆ ಎಷ್ಟು ಹೋಯಿತು ಎಂದು ಕೇಳಲು ಹತ್ತನೆಯ ತರಗತಿಯ ಲೆಕ್ಕ ಬೇಕಿಲ್ಲ. ಸಂತೆಯಲ್ಲಿ ಚಿಲ್ಲರೆ ಎಣಿಸಿಕೊಳ್ಳುವ ಜಾಣ್ಮೆ ಸಾಕು. ಬಿಸಿಯೂಟದ ಜತೆ ಮಕ್ಕಳಿಗೆ ಕೊಡುವ ಮೊಟ್ಟೆಯನ್ನೂ ಎಣಿಸಿ. ಒಂದು ಮೊಟ್ಟೆಗೆ ಸರ್ಕಾರ 6 ರೂಪಾಯಿ ಗೊತ್ತುಮಾಡಿದ್ದ ದಿನಗಳಲ್ಲಿ, ಅಂಗಡಿಯ ದರ ಅದನ್ನು ಮೀರಿದಾಗ ಶಿಕ್ಷಕರು ಕೈಯಿಂದ ಹಾಕಿದ್ದೂ ಉಂಟು. ಹಾಗಾಗಿ ಸಮಿತಿ ತನಿಖಾಧಿಕಾರಿಯ ಗತ್ತಿನಲ್ಲಿ ಕೇಳುವ ಬದಲು, ಕೊರತೆಯನ್ನು ಬರಹದಲ್ಲಿ ಮೇಲಕ್ಕೆ ಕಳಿಸಿದರೆ ಶಿಕ್ಷಕರೂ ನಿಮ್ಮ ಕಡೆಗೇ ನಿಲ್ಲುತ್ತಾರೆ.

ಎಲ್ಲಕ್ಕಿಂತ ದೊಡ್ಡ ಅಧಿಕಾರ 22ನೇ ಸೆಕ್ಷನ್ನಿನದು: ಶಾಲಾ ಅಭಿವೃದ್ಧಿ ಯೋಜನೆಯನ್ನು ಸಮಿತಿಯೇ ತಯಾರಿಸಬೇಕು. ಇದನ್ನು ಬಹಳ ಕಡೆ ಕಚೇರಿಯ ನಮೂನೆ ತುಂಬುವ ಕೆಲಸವೆಂದು ಒಬ್ಬ ಶಿಕ್ಷಕರ ತಲೆಗೆ ಕಟ್ಟಲಾಗುತ್ತದೆ. ಹಾಗೆ ಬಿಡಬೇಡಿ. ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳವರೆಗೆ ಇಬ್ಬರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು ಶಿಕ್ಷಕರಿರಬೇಕೆಂದು ಕಾಯ್ದೆಯ ಅನುಸೂಚಿ ಹೇಳುತ್ತದೆ; ನಿಮ್ಮಲ್ಲಿ ಒಬ್ಬರ ಕೊರತೆಯಿದ್ದರೆ ಯೋಜನೆಯ ಮೊದಲ ಸಾಲು ಅದೇ ಆಗಬೇಕು. ಕಾಂಪೌಂಡಿಗೆ ಬಣ್ಣ ಬಳಿಯುವುದು ಆಮೇಲಿನ ಮಾತು. ಶಿಕ್ಷಕರನ್ನು ನೇಮಿಸುವ, ವರ್ಗ ಮಾಡುವ ಅಧಿಕಾರ ಮಾತ್ರ ನಿಮಗಿಲ್ಲ. ಅಂಥ ಮಾತು ಕೊಟ್ಟು ಮತ ಕೇಳಬೇಡಿ.

ಪ್ರಶ್ನೆ: ನನ್ನ ಪತ್ನಿ ನಮ್ಮ ಶಾಲೆಯ ಸಮಿತಿಯ ಸದಸ್ಯೆ. ಸಭೆ ಮಧ್ಯಾಹ್ನ ನಡೆಯುವುದರಿಂದ, ಆಕೆ ಹೊಲದಲ್ಲಿರುವಾಗ ನಾನೇ ಹೋಗಿ ಆಕೆಯ ಸಹಿ ಹಾಕಿ ಬರುತ್ತೇನೆ. ನಾನೂ ಪೋಷಕನೇ ತಾನೆ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಪೋಷಕರು ಹೌದು, ಸದಸ್ಯರಲ್ಲ. ಆಕೆಯ ಹೆಸರಿನಲ್ಲಿ ನೀವು ಹಾಕುವ ಸಹಿ ಸುಳ್ಳು ಸಹಿ; ಹಣದ ಠರಾವಿನ ಕೆಳಗೆ ಅದು ಬಿದ್ದಿದ್ದರೆ, ನಾಳೆ ತನಿಖೆ ಬಂದಾಗ ಉತ್ತರ ಕೊಡಬೇಕಾದವರು ತಾನು ಕಾಣದ ಠರಾವಿಗೆ ಹೊಣೆಯಾದ ನಿಮ್ಮ ಪತ್ನಿ. ಮಹಿಳೆಯರಿಗೆ ಅರ್ಧ ಪಾಲು ಇಟ್ಟಿರುವುದು ಗಂಡಂದಿರಿಗೆ ಎರಡನೆಯ ಕುರ್ಚಿ ಸಿಗಲೆಂದಲ್ಲ. ನಿಜವಾದ ತೊಡಕು ಸಭೆಯ ಹೊತ್ತು. ಸಭೆಯನ್ನು ಹೊಲದ ಕೆಲಸಕ್ಕೆ ಹೋಗುವ ಮುನ್ನ ಬೆಳಿಗ್ಗೆಯೋ ಸಂತೆಯ ದಿನವೋ ಇಡಬೇಕೆಂದು ಆಕೆ ಒಂದು ಅರ್ಜಿ ಬರೆದುಕೊಡಲಿ. ಅವರು ಸಭೆಗೆ ಹೋದ ದಿನ ಎಮ್ಮೆ, ಮಕ್ಕಳನ್ನು ನೀವು ನೋಡಿಕೊಳ್ಳಿ.

ಪ್ರಶ್ನೆ: ನನ್ನ ಮಗಳು ಬೆಂಗಳೂರಿನ ಖಾಸಗಿ ಸಿಬಿಎಸ್‌ಇ ಶಾಲೆಯಲ್ಲಿ ಓದುತ್ತಾಳೆ. ಅಲ್ಲಿಯೂ ಪೋಷಕರು ಚುನಾವಣೆಗೆ ನಿಲ್ಲಬಹುದೆ?
– ಓದುಗರೊಬ್ಬರು, ಬನಶಂಕರಿ

ಉತ್ತರ: ನಿಮ್ಮದು ಅನುದಾನವಿಲ್ಲದ ಖಾಸಗಿ ಶಾಲೆಯಾದರೆ 21ನೇ ಸೆಕ್ಷನ್ ಅದಕ್ಕೆ ಅನ್ವಯಿಸುವುದಿಲ್ಲ. ಅನುದಾನಿತ ಶಾಲೆಗಳಲ್ಲಿ ಸಮಿತಿ ಇದ್ದರೂ, 2012ರ ತಿದ್ದುಪಡಿಯ ನಂತರ ಅದಕ್ಕೆ ಸಲಹೆ ಕೊಡುವ ಕೆಲಸವಷ್ಟೇ ಉಳಿದಿದೆ. ಆದರೆ ಸಿಬಿಎಸ್‌ಇಯ ಮಾನ್ಯತಾ ನಿಯಮಗಳು ಶಾಲೆಯ ಆಡಳಿತ ಸಮಿತಿಯಲ್ಲಿ ಇಬ್ಬರು ಪೋಷಕರಿರಬೇಕು ಎನ್ನುತ್ತವೆ. ಸಾಮಾನ್ಯವಾಗಿ ಆ ಇಬ್ಬರನ್ನು ಆಡಳಿತವೇ ಆರಿಸಿಕೊಳ್ಳುತ್ತದೆ. ನಿಮ್ಮ ಶಾಲೆಯಲ್ಲಿ ಆ ಇಬ್ಬರು ಯಾರು, ಅವರನ್ನು ಆರಿಸಿದ್ದು ಹೇಗೆ, ಕಳೆದ ಸಭೆ ಯಾವಾಗ ನಡೆಯಿತು ಎಂಬ ಮೂರು ಪ್ರಶ್ನೆಗಳನ್ನು ಪ್ರಾಂಶುಪಾಲರಿಗೆ ಪತ್ರದಲ್ಲಿ ಕೇಳಿ. ಉತ್ತರ ಬಂದ ಮೇಲೆ ನಮಗೂ ಬರೆಯಿರಿ.