ಐಸ್‌ಲ್ಯಾಂಡಿನಲ್ಲಿ ಬಾಡಿಗೆ ಕಾರು: ಮೊದಲು ಬಾಗಿಲು ಜೋಪಾನ

ಪ್ರಶ್ನೆ: ಸೆಪ್ಟೆಂಬರಿನಲ್ಲಿ ಅಪ್ಪ, ಅಮ್ಮ, ಹೆಂಡತಿಯನ್ನು ಕರೆದುಕೊಂಡು ಐಸ್‌ಲ್ಯಾಂಡಿಗೆ ಹೊರಟಿದ್ದೇನೆ. ಕಾರು ಬಾಡಿಗೆಗೆ ಪಡೆದು, ದೇಶವನ್ನೇ ಬಳಸಿ ಹೋಗುವ ರಿಂಗ್ ರೋಡ್ ಸುತ್ತುವ ಆಸೆ. ಹನ್ನೆರಡು ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ಅಲ್ಲಿ ಯಾವುದಕ್ಕೆ ಹೆಚ್ಚು ಎಚ್ಚರ ಬೇಕು? ನಡುದಾರಿಯಲ್ಲಿ ಏನಾದರೂ ಆದರೆ ಯಾರನ್ನು ಕರೆಯುವುದು?
– ಓದುಗರು, ಬೆಂಗಳೂರು

ಉತ್ತರ: ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಪಳಗಿದ ಕೈಗೆ ಅಲ್ಲಿನ ಖಾಲಿ ರಸ್ತೆ ಏನೂ ಅಲ್ಲ ಅನ್ನಿಸಬಹುದು. ಆದರೆ ಅಲ್ಲಿ ಕಾಡುವುದು ಗಾಳಿ. ಹಿಂದಿನಿಂದ ಬೀಸುವಾಗ ಬಾಗಿಲು ತೆರೆದಿರೋ, ಅದು ಕೈತಪ್ಪಿ ಪೂರ್ತಿ ತಿರುಗಿ ಮುಂದಿನ ಮಡ್‌ಗಾರ್ಡಿಗೆ ಬಡಿಯುತ್ತದೆ, ಕೀಲು ಬಾಗುತ್ತದೆ. ಈ ನಷ್ಟ ಸಾಮಾನ್ಯವಾಗಿ ವಿಮೆಗೆ ಸೇರುವುದಿಲ್ಲ. ನಾನೂ ಒಮ್ಮೆ ಈ ಪಾಠಕ್ಕೆ ದುಡ್ಡು ತೆತ್ತವನೇ. ಕಾರಿನ ಮೂತಿ ಗಾಳಿಗೆ ಎದುರಾಗಿರುವಂತೆ ನಿಲ್ಲಿಸಿ, ಒಂದು ಸಲಕ್ಕೆ ಒಂದೇ ಬಾಗಿಲು ತೆಗೆಯಿರಿ, ಅಂಚನ್ನು ಕೈಯಲ್ಲಿ ಬಿಗಿಯಾಗಿ ಹಿಡಿದಿರಿ. ಅಪ್ಪ-ಅಮ್ಮನಿಗೆ ಮೊದಲೇ ಹೇಳಿಡಿ: ನೀವು ಬಂದು ತೆಗೆಯುವವರೆಗೆ ಅವರು ಹಿಡಿಕೆ ಮುಟ್ಟಬಾರದು.

ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಮೂಲ ಲೈಸೆನ್ಸೂ ಜೊತೆಗಿರಲಿ.

ಅಲ್ಲಿ ಬಲಬದಿಯ ಸಂಚಾರ. (ಅವರೂ 1968ರ ಮೇ 26ರವರೆಗೆ ನಮ್ಮಂತೆ ಎಡಕ್ಕೇ ಓಡಿಸುತ್ತಿದ್ದರು.) ತಪ್ಪಾಗುವುದು ಹೆದ್ದಾರಿಯಲ್ಲಲ್ಲ. ಬೆಳಿಗ್ಗೆ ಪೆಟ್ರೋಲ್ ಬಂಕಿನಿಂದ ಖಾಲಿ ರಸ್ತೆಗೆ ಇಳಿಯುವಾಗ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಪಕ್ಕದಲ್ಲಿ ಕೂತವರು ಪ್ರತಿ ಸಲ 'ಬಲಕ್ಕೆ' ಎಂದು ಹೇಳಲಿ. ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕುವುದಂತೂ ಎರಡು ದಿನ ತಪ್ಪಿದ್ದಲ್ಲ. ಎರಡು ಲೇನಿನ ವೃತ್ತದಲ್ಲಿ ಒಳಗಿನ ಲೇನಿನವರಿಗೇ ಆದ್ಯತೆ, ಹೊರಗಿರುವವರು ಬಿಟ್ಟುಕೊಡಬೇಕು.

ವೇಗದ ಮಿತಿ ಊರೊಳಗೆ ಸಾಮಾನ್ಯವಾಗಿ ಗಂಟೆಗೆ 50 ಕಿ.ಮೀ., ಊರಾಚೆ ಜಲ್ಲಿರಸ್ತೆಯಲ್ಲಿ 80, ಡಾಂಬರಿನಲ್ಲಿ 90. ಡಾಂಬರು ಮುಗಿದು ಜಲ್ಲಿ ಶುರುವಾಗುವ ಕಡೆ ಮೊದಲೇ ನಿಧಾನಿಸಿ, ಅಲ್ಲಿ ಬ್ರೇಕ್ ಒತ್ತಿದರೆ ಕಾರು ಜಾರುತ್ತದೆ. ಹಗಲಲ್ಲೂ ಹೆಡ್‌ಲೈಟ್ ಉರಿಯಲೇಬೇಕು. ಆಟೋ ಮೋಡಿನಲ್ಲಿ ಹಿಂದಿನ ದೀಪ ಹೊತ್ತದ ಕಾರುಗಳಿವೆ, ಒಮ್ಮೆ ಇಳಿದು ನೋಡಿ. ಒಂದೇ ಲೇನಿನ ಸೇತುವೆಯಲ್ಲಿ ಮೊದಲು ಹತ್ತಿರ ಬಂದವರು ದಾಟುತ್ತಾರೆ. ಕುರಿ ರಸ್ತೆಯ ಒಂದು ಬದಿ, ಮರಿ ಇನ್ನೊಂದು ಬದಿ ಕಂಡರೆ ಪೂರ್ತಿ ನಿಧಾನಿಸಿ. ಮರಿ ತಾಯಿಯ ಕಡೆಗೆ ಓಡಿಯೇ ಓಡುತ್ತದೆ.

'ಎಫ್' ಅಕ್ಷರದ ಬೆಟ್ಟದ ರಸ್ತೆಗಳಿಗೆ ಫೋರ್ ವೀಲ್ ಡ್ರೈವ್ ಕಡ್ಡಾಯ. ಅಲ್ಲಿ ಹಲವು ಹೊಳೆಗಳಿಗೆ ಸೇತುವೆ ಇರುವುದಿಲ್ಲ, ದಾಟುವಾಗ ಎಂಜಿನ್ನಿಗೆ ನೀರು ನುಗ್ಗಿದರೆ ವಿಮೆ ಸಾಮಾನ್ಯವಾಗಿ ಕೈಯೆತ್ತುತ್ತದೆ. ಹಿರಿಯರಿದ್ದಾರೆ, ಆ ಕಡೆ ಹೋಗಲೇಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಪೊಲೀಸ್, ಆಂಬುಲೆನ್ಸ್, ಬೆಟ್ಟದ ರಕ್ಷಣಾ ತಂಡ, ಎಲ್ಲಕ್ಕೂ ಒಂದೇ ನಂಬರ್: 112. ನಮ್ಮಲ್ಲಿಯೂ ಅದೇ, ಹಾಗಾಗಿ ಅಪ್ಪ-ಅಮ್ಮನಿಗೂ ನೆನಪಿರುತ್ತದೆ. '112 ಐಸ್‌ಲ್ಯಾಂಡ್' ಆ್ಯಪ್ ಅನ್ನು ಇಲ್ಲಿಂದಲೇ ಹಾಕಿಕೊಂಡು ಹೋಗಿ. ನೀವಿರುವ ಜಾಗವನ್ನು ಅದು ಕಳಿಸುತ್ತದೆ, ಬಾಯಿಗೆ ಬಾರದ ಊರ ಹೆಸರು ಹೇಳುವ ಕಷ್ಟವಿಲ್ಲ. ಬರೀ ಕಾರು ತಾಗಿದ್ದರೆ ಫೋಟೊ ತೆಗೆದು, ಗ್ಲೋವ್ ಬಾಕ್ಸಿನಲ್ಲಿ ಅಪಘಾತದ ಫಾರಂ ಇದ್ದರೆ ಎದುರಿನವರ ಜೊತೆ ತುಂಬಿಸಿ, ಬಾಡಿಗೆ ಕಂಪನಿಗೆ ಆಗಲೇ ಫೋನ್ ಮಾಡಿ. ಹಿಮದಲ್ಲಿ ಸಿಕ್ಕಿಕೊಂಡರೆ ಕಾರು ಬಿಟ್ಟು ನಡೆಯಬೇಡಿ. ಬೆಚ್ಚಗಿರಲು ಎಂಜಿನ್ ಚಾಲೂ ಮಾಡುವ ಮುಂಚೆ ಸೈಲೆನ್ಸರ್ ಬಾಯಿಗೆ ಕಟ್ಟಿದ ಹಿಮವನ್ನು ಕೈಯಿಂದ ತೆಗೆದುಹಾಕಿ, ಇಲ್ಲದಿದ್ದರೆ ಹೊಗೆ ಒಳಗೇ ತುಂಬಿಕೊಳ್ಳುತ್ತದೆ.